ಮೊಮ್ಮಗಳ ಓಟಕ್ಕೆ ನಾನೇ ಗುರು

ನನ್ನ ಮೊಮ್ಮಗಳಿಗೆ ಓಡುವುದನ್ನು ಕಲಿಸಿದವನು ನಾನೇ. ಅವಳ ಶಾಲೆಯ ಕೋಚ್ ಬೇರೇನಾದರೂ ಹೇಳಿದರೆ ನಂಬಬೇಡಿ.

ಅವಳಿಗೆ ಐದು ವರ್ಷವಿದ್ದಾಗ, ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ಮನೆಯಲ್ಲಿ ನನಗಿದ್ದದ್ದು ಒಂದೇ ಉದ್ಯೋಗ. ಅವಳು ಹಪ್ಪಳ ಹಿಡಿದು ಅಡುಗೆಮನೆಯಿಂದ ಬರುವಾಗ ಬಾಗಿಲ ಮರೆಯಲ್ಲಿ ನಿಂತು ಕಸಿಯುವುದು. ಮೊದಮೊದಲು ಅಳುತ್ತಿದ್ದಳು. ಬರಬರುತ್ತಾ ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ಗಿರ್ರನೆ ತಿರುಗಿ ನುಸುಳಿಕೊಳ್ಳಲು ಕಲಿತಳು. ಆದರೂ ನನ್ನ ಕೈ ಹತ್ತಿರ ಬಂದರೆ ಫಟ್ಟನೆ ಹೊಡೆದು ಓಡುತ್ತಿದ್ದಳು.

ಹೈಸ್ಕೂಲಿನಲ್ಲಿ ಅವಳು ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್ ಆದಳು. ಚೆಂಡು ಹಿಡಿದು ಎದುರಾಳಿಗಳ ನಡುವೆ ಓಡುವುದೇ ಅವಳ ಕೆಲಸ. ಈ ಆಟದಲ್ಲಿ ಯಾರೂ ಯಾರನ್ನೂ ಕೆಡವುವ ಹಾಗಿಲ್ಲ. ಚೆಂಡು ಹಿಡಿದವಳ ಸೊಂಟದಿಂದ ತೂಗುವ ಪಟ್ಟಿಯನ್ನು ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ಈ ವರ್ಷದ ಕೊನೆಯ ಪಂದ್ಯದ ಹೊತ್ತಿಗೆ, ಒಂದು ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಯಾರ್ಡ್ ಓಡಿದ ಶಾಲೆಯ ದಾಖಲೆಗೆ ಅವಳು ತೀರಾ ಹತ್ತಿರ ಬಂದಿದ್ದಳು. ನಾನು ಸುಮ್ಮನಿರುತ್ತೇನೆಯೇ? ನನ್ನ ಶಿಷ್ಯೆಯನ್ನು ನೋಡಲೆಂದು ಫ್ಲೋರಲ್ ಪಾರ್ಕ್ ಊರಿನಲ್ಲಿರುವ ಹಳೆಯ ಗೆಳೆಯನನ್ನೂ ಕರೆಸಿಕೊಂಡೆ.

ಪಂದ್ಯ ಮುಗಿಯಲು ಮೂರೇ ನಿಮಿಷವಿದ್ದಾಗ ಚೆಂಡು ಅವಳ ಕೈಗೆ ಬಂತು. ಇಬ್ಬರನ್ನು ದಾಟಿದಳು. ಮೂರನೆಯವಳೊಬ್ಬಳು, ಎತ್ತರದ ಹುಡುಗಿ, ಪಟ್ಟಿಗೆ ಕೈ ಹಾಕಿದಳು. ನಮ್ಮವಳು ಆ ಕೈಗೆ ಫಟ್ಟನೆ ಹೊಡೆದು ಮೈದಾನದ ಕೊನೆಯವರೆಗೂ ಓಡಿದಳು.

ನಾನು ಬೆಂಚು ಹತ್ತಿ ನಿಂತೆ. "ರೆಕಾರ್ಡ್ ಕಣೋ! ಆ ಕೈ ಹೊಡೆದಿದ್ದು ನೋಡಿದ್ಯಾ? ಅದು ನಾನು ಕಲಿಸಿದ್ದು!"

ಅಷ್ಟರಲ್ಲಿ ರೆಫರಿ ಹಳದಿ ಬಟ್ಟೆ ಎಸೆದಿದ್ದ. ಪಟ್ಟಿಗೆ ಬಂದ ಕೈಯನ್ನು ಹಾಗೆ ಹೊಡೆಯುವುದು ಫೌಲಂತೆ. ಹೊಡೆದ ಜಾಗದಿಂದಾಚೆಗೆ ಓಡಿದ್ದೆಲ್ಲ ಲೆಕ್ಕಕ್ಕಿಲ್ಲ. ದಾಖಲೆ ಕೈಗೆ ಬಂದು ಜಾರಿತು.

"ಅದೂ ನೀನೇ ಕಲಿಸಿದ್ದು ತಾನೇ?" ಎಂದ ಗೆಳೆಯ.

"ರೀ, ಕೆಳಗಿಳೀರಿ," ಎಂದಳು ನನ್ನ ಹೆಂಡತಿ. "ಮಗು ಕಷ್ಟಪಟ್ಟಿದ್ದೆಲ್ಲ ನಿಮ್ಮ ಮಂಗಾಟದಿಂದ ಹಾಳಾಯ್ತು."

ಇಳಿದೆ. ಮೈದಾನದ ನಡುವಿನಿಂದ ಮೊಮ್ಮಗಳು ನೇರ ನನ್ನನ್ನೇ ನೋಡಿದಳು. ಎಂಥಾ ನೋಟ ಅಂತೀರಿ!

ಮತ್ತೆ ಚೆಂಡು ಅವಳಿಗೇ ಬಂತು. ಈ ಸಲ ಎರಡೂ ಕೈಯಿಂದ ಅದನ್ನು ಎದೆಗವಚಿಕೊಂಡಳು. ಹೊಡೆಯಲು ಕೈಯೇ ಖಾಲಿ ಇಲ್ಲ. ಅದೇ ಎತ್ತರದ ಹುಡುಗಿ ಎದುರಾದಳು. ನಮ್ಮವಳು ಎಡಕ್ಕೆ ಬಾಗಿದಳು, ಬಲಕ್ಕೆ ತಿರುಗಿದಳು. ಆ ಹುಡುಗಿಯ ಕೈಗೆ ಸಿಕ್ಕಿದ್ದು ಬರೀ ಗಾಳಿ. ಕೊನೆಗೆ ಇನ್ನೊಬ್ಬಳು ಹಿಂದಿನಿಂದ ಬಂದು ಪಟ್ಟಿ ಕೀಳುವ ಹೊತ್ತಿಗೆ ಅವಳು ಅರ್ಧ ಮೈದಾನ ದಾಟಿಯಾಗಿತ್ತು. ಮೈಕಿನಲ್ಲಿ ಹೊಸ ದಾಖಲೆಯೆಂದು ಕೂಗಿದರು. ತಂಡದವರು ಅವಳನ್ನು ಎತ್ತಿ ಕುಣಿದರು. ಹೆಂಡತಿ ನನ್ನ ತೋಳು ಹಿಡಿದುಕೊಂಡು ಅಳುತ್ತಿದ್ದಳು.

ಆಮೇಲೆ ಮೊಮ್ಮಗಳು ಬೇಲಿಯ ಹತ್ತಿರ ಬಂದಳು. "ತಾತಾ, ಯು ಆರ್ ಫೈರ್ಡ್!"

"ಯಾಕೆ ಪುಟ್ಟಿ? ಗಿರ್ರಂತ ತಿರುಗೋದು ಯಾರು ಕಲಿಸಿದ್ದು?"

"ಯು. ಆ್ಯಂಡ್ ದ ಫೌಲ್. ಆಲ್ಸೋ ಯು!"

"ರೆಫರಿ ಎಚ್ಚರವಾಗಿದಾನಾ ಅಂತ ಟೆಸ್ಟ್ ಮಾಡ್ಬೇಕಿತ್ತು ಕಣೆ."

ನಕ್ಕುಬಿಟ್ಟಳು. ಫೋಟೋಕ್ಕೆಂದು ನನ್ನನ್ನು ಕೈ ಹಿಡಿದು ಮೈದಾನದೊಳಗೆ ಎಳೆದುಕೊಂಡು ಹೋದಳು. ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ. ನಡುವೆ ಅವಳು, ಪಕ್ಕದಲ್ಲಿ ಎದೆಯುಬ್ಬಿಸಿ ನಾನು. ನನ್ನ ಭುಜದ ಹಿಂದೆ ಅರ್ಧ ಮುಖ ಕಾಣುತ್ತದಲ್ಲ, ಅದು ಕೋಚ್.