ಚೆಂಡು ನೋಡುವುದು ಅವರ ಕೆಲಸ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ನಲವತ್ತು ವರ್ಷ ಬೇರೆಯವರ ಗಾಲ್ಫ್ ಬ್ಯಾಗು ಹೊತ್ತ ಭುಜ ಅದು. ಮುಂಬಯಿಯ ಚೆಂಬೂರಿನ ಹತ್ತಿರ, ಒಂದು ಕಾಲಕ್ಕೆ ಯಾರೋ ಸಾಹುಕಾರರ ತೋಟದ ಬಂಗಲೆಯಾಗಿದ್ದು ಈಗ ಗಾಲ್ಫ್ ಕ್ಲಬ್ ಆಗಿರುವ ಜಾಗದಲ್ಲಿ ಅವರು ಕ್ಯಾಡಿ. ವಿಜಯಪುರದ ಕಡೆಯವರು. ನನ್ನ ಯಜಮಾನರ ಬ್ಯಾಗು ಹೊರುತ್ತಿದ್ದವರೂ ಅವರೇ.

ಯಜಮಾನರು ತೀರಿಕೊಂಡ ಮೇಲೆ ಮೂರು ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದೆ. ಕೊನೆಗೊಂದು ದಿನ, ಅವರ ಗಾಲ್ಫ್ ಕೋಲುಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಕ್ಲಬ್ಬಿಗೆ ಹೋದೆ. ಕ್ಯಾಡಿ ಬ್ಯಾಗನ್ನು ಬಂಗಲೆಯ ಜಗಲಿಗೆ ತಂದರು. ಆದರೆ ಭುಜದಿಂದ ಇಳಿಸಲಿಲ್ಲ.

"ಬಾಯಾರ, ಕೊಡೂದು ಇದ್ದೇ ಇರತೈತಿ. ಇವತ್ತ ಒಂದು ಹೊಡದು ನೋಡ್ರಿ."

"ನಂಗೆಲ್ಲಿ ಬರ್ತದೆ ಮಾರಾಯ್ರೆ!"

"ಸಾಹೇಬ್ರಿಗೂ ಬರತಿದ್ದಿಲ್ಲ. ಹದಿನೆಂಟು ವರ್ಷ ಆಡಿದ್ರು."

ಮೂರು ತಿಂಗಳಲ್ಲಿ ಮೊದಲ ಸಲ ನಕ್ಕೆ.

ಅಲ್ಲಿಂದ ವಾರಕ್ಕೆರಡು ಬೆಳಿಗ್ಗೆ ಅವರೇ ನನ್ನ ಗುರು. "ತಲಿ ಎತ್ತಬ್ಯಾಡ್ರಿ. ಚೆಂಡು ಎಲ್ಲಿ ಹೋತು ನೋಡೂದು ನನ್ನ ಕೆಲಸ" ಎನ್ನುತ್ತಿದ್ದರು. ಎರಡನೆಯ ವರ್ಷ, ಮಳೆಗಾಲ ಮುಗಿದ ಹೊಸತರಲ್ಲಿ, ನಾನು ಹೊಡೆದ ಚೆಂಡು ಎಡಗಡೆಯ ಕೊಳಕ್ಕೆ ಬಿತ್ತು. ನನಗೇ ಕಂಡಿತು. ಅವರು ಮಾತ್ರ ಬಲಗಡೆಯ ಹುಣಸೆಮರದತ್ತ ನಡೆದು, ಕಾಲಿನಿಂದ ಹುಲ್ಲು ಸವರಿ ಸವರಿ ಹುಡುಕತೊಡಗಿದರು. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಕಣ್ಣು ಮಂಜಾಗಿದೆಯಾ?"

ಬ್ಯಾಗು ಕೆಳಗಿಟ್ಟರು. "ಒಂದು ವರ್ಷ ಆತು. ಸಪ್ಪಳದ ಮ್ಯಾಲ ನಡಸೀನಿ. ಆಫೀಸಿನ್ಯಾಗ ಹೇಳಬ್ಯಾಡ್ರಿ ಬಾಯಾರ, ನಾಳಿಂದ ಗೇಟಿನ ಒಳಗ ಬಿಡೂದಿಲ್ಲ."

ನಾನು ಹೇಳಲಿಲ್ಲ. ಡಾಕ್ಟರಲ್ಲಿಗೆ ಕರೆದೊಯ್ದೆ. ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು. ಎರಡು ಸಲ ದಿನ ಗೊತ್ತು ಮಾಡಿದರೂ ಇವರು ಬರಲಿಲ್ಲ. ಮೂರನೆಯ ಸಲ ಧಾರಾವಿಯ ಅವರ ಮನೆ ಬಾಗಿಲಿಗೇ ಹೋದೆ.

"ಇದ್ದ ಚೂರು ಕಣ್ಣೂ ಹೋದ್ರ?" ಎಂದರು.

"ನಂಗೂ ಹೆದರಿಕೆ ಉಂಟು. ಆದ್ರೂ ನಡೀರಿ."

ಅವರ ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

ಆಪರೇಷನ್ ಆಗಿ ಒಂದೂವರೆ ತಿಂಗಳ ಮೇಲೆ ಅವರು ಮತ್ತೆ ಬ್ಯಾಗು ಹೊತ್ತರು. ನನ್ನ ಮೊದಲ ಹೊಡೆತವನ್ನು, ಹಣೆಗೆ ಕೈ ಅಡ್ಡ ಹಿಡಿದು, ಚೆಂಡು ಉರುಳಿ ನಿಲ್ಲುವವರೆಗೂ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಬಾಯಾರ, ನೀವು ಇಷ್ಟು ಕೆಟ್ಟ ಆಡತೀರಿ ಅಂತ ನನಗ ಗೊತ್ತಿದ್ದಿಲ್ಲ!"

ಇಬ್ಬರೂ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟೆವು.

ಇನ್ನೂ ಐದು ವರ್ಷ ಅವರು ನನ್ನ ಜೊತೆ ನಡೆದರು. ಹೋದ ಚಳಿಗಾಲದಲ್ಲಿ, ಮಗಳ ಮನೆಯಲ್ಲಿ, ಮಲಗಿದ್ದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದೆ. ಆ ವಾರವೂ ಬೆಳಿಗ್ಗೆ ಎದ್ದು ಆಡಲು ಹೋದೆ. ಸಾವಾದ ಮೇಲೆ ಬಾಗಿಲು ಹಾಕಿಕೊಂಡು ಕೂರುವ ಅಭ್ಯಾಸವನ್ನು ಅವರು ನನ್ನಿಂದ ಬಿಡಿಸಿದ್ದರು.