ಮೂರು ಹತ್ತೊಂಬತ್ತು

ಬಾಗಿಲಿಗೆ ನೀರು ಹಾಕಿ ರಂಗೋಲಿಯ ಚುಕ್ಕಿ ಇಟ್ಟು ಮುಗಿಸಿದ್ದೆ. ನಡುವಿನ ಸಾಲಿಗೆ ಐದು, ಅದರ ಮೇಲೂ ಕೆಳಗೂ ಸಂದಿಗೆ ಬರುವಂತೆ ನಾಲ್ಕು ನಾಲ್ಕು, ಆಮೇಲೆ ಮೂರು ಮೂರು. ಒಟ್ಟು ಹತ್ತೊಂಬತ್ತು. ಗೆರೆ ಎಳೆಯಲು ಬಗ್ಗಿದ್ದೆನೋ ಇಲ್ಲವೋ, ನಮ್ಮ ಮನೆಯವರು ಫೋನ್ ಹಿಡಿದುಕೊಂಡು ಹೊರಗೆ ಬಂದರು. ಅಳಿಯ ಮಾತಾಡುತ್ತಿದ್ದ. ಹಿಂದಿನ ಸಂಜೆ ತೋರಿಸಲು ಹೋದ ಮಗಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡಿದ್ದಾರೆ, ಹೊಟ್ಟೆಯಲ್ಲಿ ನೀರು ಕಡಿಮೆಯಾಗಿದೆ, ಇವತ್ತೇ ಆಪರೇಷನ್ ಮಾಡಿದರೆ ಒಳ್ಳೆಯದು ಅಂತ ಡಾಕ್ಟರಮ್ಮ ಹೇಳಿದ್ದಾರೆ ಎಂದ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ನಿಂತ ಬಸಿರು ಅದು. ರಂಗೋಲಿ ಡಬ್ಬಿಯನ್ನು ಹೊಸ್ತಿಲ ಪಕ್ಕ ಇಟ್ಟು ಸೀರೆ ಬದಲಿಸಲು ಓಡಿದೆ.

ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಸ್ಕೂಟರಿನಲ್ಲಿ ಹೊರಟೆವು. ದೇವರು ದೊಡ್ಡವನು, ರೈಲ್ವೆ ಗೇಟು ತೆರೆದಿತ್ತು. ಹಿಂದೆ ಕೂತು ದೇವರ ನಾಮ ಹೇಳಿಕೊಳ್ಳುತ್ತಿದ್ದರೂ ನನ್ನ ತಲೆಯೊಳಗೆ ಓಡಾಡುತ್ತಿದ್ದದ್ದು ಆ ದಿನವೇ. ಅವತ್ತು ನನ್ನ ಹುಟ್ಟಿದ ದಿನ, ಮಗಳದೂ ಹೌದು. ನನಗೆ ಹತ್ತೊಂಬತ್ತು ತುಂಬಿದ ದಿನವೇ ಅವಳು ಹುಟ್ಟಿದ್ದು. ತಾರೀಖೂ ಒಂದೇ, ತಿಥಿಯೂ ಒಂದೇ, ನಕ್ಷತ್ರವೂ ಒಂದೇ.

ಇದೇನು ಪವಾಡವೋ ಅಂದುಕೊಂಡಿದ್ದೆ. ಮಗಳು ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಲೆಕ್ಕದ ಮೇಡಂ ಆದ ಮೇಲೆ ಬಿಡಿಸಿ ಹೇಳಿದಳು. ತಿಥಿ ವರ್ಷವರ್ಷವೂ ತಾರೀಖಿನಿಂದ ತಪ್ಪಿಸಿಕೊಂಡು ಓಡುತ್ತದೆ, ನಡುನಡುವೆ ಬರುವ ಅಧಿಕ ಮಾಸ ಅದನ್ನು ಎಳೆದು ತರುತ್ತದೆ. ಏಳು ಅಧಿಕ ಮಾಸ ಕಳೆದು ಹತ್ತೊಂಬತ್ತು ವರ್ಷ ತುಂಬುವಾಗ ಎರಡೂ ಮತ್ತೆ ಒಟ್ಟಿಗೆ ಬಂದು ನಿಲ್ಲುತ್ತವೆ, ಹೆಚ್ಚೆಂದರೆ ಒಂದು ದಿನ ಆಚೀಚೆ. ಬೇರೆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಎರಡೆರಡು ಹುಟ್ಟಿದ ದಿನ. ತಿಥಿಗೆ ನನ್ನ ಪಾಯಸ, ತಾರೀಖಿಗೆ ಅವಳ ಕೇಕು.

ಹತ್ತೊಂಬತ್ತು ಅವಿಭಾಜ್ಯ ಸಂಖ್ಯೆ ಅನ್ನುವುದು ನನಗೆ ಗೊತ್ತಾದದ್ದು ಒಲೆ ಮುಂದೆ. ಅವಳು ಚಿಕ್ಕವಳಿದ್ದಾಗ ಒಮ್ಮೆ ಹತ್ತೊಂಬತ್ತು ನಿಪ್ಪಟ್ಟು ಕರಿದಿಟ್ಟಿದ್ದೆ. ಪಾಲು ಮಾಡಲು ಕೂತಳು. ಎರಡು ತಟ್ಟೆಗೆ ಹಾಕಿದರೆ ಒಂದು ಮಿಕ್ಕಿತು, ಮೂರಕ್ಕೆ ಹಾಕಿದರೂ ಒಂದು, ಆರಕ್ಕೆ ಹಾಕಿದರೂ ಒಂದು. ಮಿಕ್ಕಿದ್ದು ಕರಿದವಳಿಗೆ ಅಂತ ನಾನು ಬಾಯಿಗೆ ಹಾಕಿಕೊಂಡೆ. ಚುಕ್ಕಿಯ ಕತೆಯೂ ಇದೇ. ಉದ್ದಕ್ಕೆ ಅಗಲಕ್ಕೆ ಸಮನಾದ ಸಾಲು ಹಾಕಹೋದರೆ ಹತ್ತೊಂಬತ್ತು ಕೂರುವುದೇ ಇಲ್ಲ. ಸಂದಿಗೆ ಸಂದಿ ಕೂರಿಸಿದರೆ ಆರು ಮೂಲೆಯ ಹೂವಾಗಿ ಕೂತುಬಿಡುತ್ತದೆ.

ಹಿಂದಿನ ವಾರ ಫೋನಿನಲ್ಲಿ, ಬರುವ ವಾರ ನನಗೆ ಐವತ್ತೇಳು, ಅದೂ ಒಡೆಯದ ಜಾತಿಯದೇ ಇರಬೇಕು, ನೋಡಿದರೇ ಹಾಗಿದೆ ಅಂದಿದ್ದೆ. ಅವಳು ಬಿದ್ದು ಬಿದ್ದು ನಕ್ಕಳು. "ಮೂರು ಅತ್ತೊಂಬತ್ತು ಕಣಮ್ಮ. ಎಂಗೆ ಮೋಸ ಓದೆ ನೋಡು." ಅವಳಿಗೆ ಎರಡು ಹತ್ತೊಂಬತ್ತು, ಹಾಗಾಗಿ ಈ ಸಲ ತಾರೀಖು, ತಿಥಿ, ನಕ್ಷತ್ರ ಮೂರೂ ಮತ್ತೆ ಒಟ್ಟಿಗೆ ಬಂದಿದ್ದವು.

ಆಸ್ಪತ್ರೆಯ ಮೆಟ್ಟಿಲಲ್ಲೇ ಬೀಗಿತ್ತಿ, ಅಂದರೆ ಮಗಳ ಅತ್ತೆ, ನನ್ನ ಕೈ ಹಿಡಿದುಕೊಂಡರು. ಕೆ.ಜಿ.ಎಫ್.ನದೇ ಕೋರಮಂಡಲ್‌ ಬಡಾವಣೆಯವರು, ಒಳ್ಳೆಯ ಹೆಂಗಸು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು. "ಅಕ್ಕಾ, ನಾಳೆ ಬೆಳಿಗ್ಗೆ ನಕ್ಷತ್ರ ಬದಲಾಯ್ತದೆ. ನಿಮ್ದೂ ಅವಳ್ದೂ ಒಂದೇ, ಕೂಸಿಂದೂ ಅದೇ ಆದ್ರೆ ಎಂಗಕ್ಕಾ? ಒಂದು ದಿನ ತಡೀರಿ ಅಂತ ನೀವೇ ಯೋಳಿ. ನಿಮ್ಮ ಮಾತು ಕೇಳ್ತಾರೆ."

ತಾಯಿ ಮಗುವಿಗೆ ಒಂದೇ ನಕ್ಷತ್ರವಾದರೆ ದೋಷ ಅನ್ನುತ್ತಾರೆ. ನಾನೂ ನಂಬುವವಳೇ. ಮಗಳು ಹುಟ್ಟಿದಾಗ ಶಾಂತಿ ಮಾಡಿಸಿದ್ದೆವು. ನಮ್ಮ ಮನೆಯವರು ಅವಳ ಮುಖವನ್ನು ಮೊದಲು ಎಳ್ಳೆಣ್ಣೆಯ ಬಟ್ಟಲಲ್ಲಿ ನೋಡಿ, ಆಮೇಲೆ ನೇರ ನೋಡಿದ್ದರು.

ಒಳಗೆ ಹೋದೆ. ಮಗಳು ಮಲಗಿದ್ದಳು, ಕೈಗೆ ಡ್ರಿಪ್ಸ್ ಚುಚ್ಚಿದ್ದರು. ಡಾಕ್ಟರಮ್ಮ ಮಧ್ಯಾಹ್ನದ ಮೇಲೆ ಕಾಯುವ ಧೈರ್ಯ ತನಗಿಲ್ಲ ಅಂದಿದ್ದರಂತೆ. ಅಳಿಯ ಗೋಡೆಗೆ ಒರಗಿ ಅಮ್ಮನ ಕಡೆಗೊಮ್ಮೆ ಹೆಂಡತಿಯ ಕಡೆಗೊಮ್ಮೆ ನೋಡುತ್ತಿದ್ದ. ಮಗಳು ನನ್ನನ್ನೇ ನೋಡಿದಳು. "ನೀನೇನಂತೀಯಮ್ಮ?"

ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಬೀಗಿತ್ತಿಯ ಕಡೆ ತಿರುಗಿದೆ. "ಒಂದೇ ನಕ್ಷತ್ರದಾಗೆ ಇಷ್ಟು ವರ್ಷ ನಾವಿಬ್ರೂ ಚೆನ್ನಾಗೇ ಇದ್ದೀವಿ ಕಣಕ್ಕಾ. ದೋಷಕ್ಕೆ ಶಾಂತಿ ಐತೆ. ನೀರು ಇಂಗೋದ್ರೆ ಏನೈತೆ? ಇವತ್ತೇ ಆಗ್ಲಿ."

ಅವರು ಸೆರಗು ಸಿಕ್ಕಿಸಿಕೊಂಡು, ಎಣ್ಣೆಯನ್ನಾದರೂ ತರುತ್ತೇನೆ ಅಂತ ಆಟೋ ಹಿಡಿಯಲು ನಡೆದರು.

ಮಧ್ಯಾಹ್ನಕ್ಕೆ ಮೊದಲೇ ಹೆಣ್ಣು ಮಗು ಹುಟ್ಟಿತು. ತೂಕ ಕೊಂಚ ಕಡಿಮೆ, ಅಳು ಮಾತ್ರ ಕಾರಿಡಾರಿನ ತುದಿಯವರೆಗೆ ಕೇಳಿಸಿತು. ಮಗಳಿಗೂ ಏನೂ ಆಗಲಿಲ್ಲ. ನರ್ಸಮ್ಮ ಕೂಸನ್ನು ಸುತ್ತಿ ತಂದಾಗ ಬೀಗಿತ್ತಿ ಸ್ಟೀಲ್ ಬಟ್ಟಲು ಹಿಡಿದು ಸಿದ್ಧವಾಗಿ ನಿಂತಿದ್ದರು. ಕೂಸಿನ ಮೈಗೆ ತಿಕ್ಕಲು ಈಗಲೇ ಎಣ್ಣೆ ತಂದಿರಾ ಅಂತ ನರ್ಸಮ್ಮ ಕೇಳಿದರು. ಅಳಿಯ ಬಗ್ಗಿ ನೋಡಿದ. ಅಮ್ಮ ಹಿಡಿದ ಬಟ್ಟಲಲ್ಲಿ ಎಣ್ಣೆ ಅಲುಗುತ್ತಿತ್ತು.

"ಕಾಣಿಸ್ತೇನ್ಲಾ?"

"ಟ್ಯೂಬ್‌ಲೈಟು ಕಾಣಿಸ್ತೈತೆ. ನನ್ನ ಮೀಸೆ ಕಾಣಿಸ್ತೈತೆ."

ಅಷ್ಟರಲ್ಲಿ ಕೂಸು ಕಿರುಚಿತು, ಅವನು ತಲೆ ಎತ್ತಿ ನೋಡಿಯೇಬಿಟ್ಟ. ಆಮೇಲೆ ಕಣ್ಣು ಕೀಳಲಿಲ್ಲ. ಬೀಗಿತ್ತಿ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಾವೂ ಹೋಗಿ ಅವನ ಭುಜದ ಮೇಲಿಂದ ಇಣುಕಿದರು. ಪುರುಡು ಕಳೆದ ಮೇಲೆ ಶಾಂತಿ ಮಾಡಿಸೋಣ ಅಂತ ಬೀಗಿತ್ತಿಯೂ ನಾನೂ ಮಾತಾಡಿಕೊಂಡೆವು.

ಸಂಜೆ ಮನೆಗೆ ಬಂದಾಗ ಬಾಗಿಲ ಮುಂದೆ ಚುಕ್ಕಿಗಳು ಹಾಗೇ ಇದ್ದವು. ಒಂದು ಬದಿಯಲ್ಲಿ ಮಾತ್ರ ಬೆಳಿಗ್ಗೆ ನಮ್ಮದೇ ಸ್ಕೂಟರಿನ ಚಕ್ರ ಹರಿದು ಅಳಿಸಿತ್ತು. ದೇವರಿಗೆ ದೀಪ ಹಚ್ಚಿ, ಅಡುಗೆಮನೆಯಲ್ಲಿ ಮೊರ ಮುಂದಿಟ್ಟುಕೊಂಡು, ಬಾಣಂತಿ ಸಾರಿಗೆ ಬೆಳ್ಳುಳ್ಳಿ ಸುಲಿಯಲು ಕೂತೆ.