ಕುದುರೆಯ ದವಡೆಹಲ್ಲು ನೋಡಿದ ಡಾಕ್ಟರು

ಲಕ್ಷ್ಮೀಪುರಂನಲ್ಲಿ ನಮ್ಮ ಪಕ್ಕದ ಮನೆಯವರು ಕುದುರೆ ಡಾಕ್ಟರು. ಲಾಯದೊಳಗೆ ಕಾಲಿಟ್ಟ ಕೂಡಲೇ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ನಿಲ್ಲುವರು. ಯಾರಾದರೂ ಅವಸರಪಡಿಸಿದರೆ, "ತಡೀರಿ, ಅದೇ ಹೇಳ್ತದೆ" ಎನ್ನುವರು.

ನಾನು ದಿನಾ ಕಚೇರಿಗೆ ಹೋಗುತ್ತಿದ್ದ ಜಟಕಾದ ಕುದುರೆ ಒಮ್ಮೆ ಮೇವು ಬಿಟ್ಟಿತು. ವಾರದಲ್ಲೇ ಪಕ್ಕೆಲುಬು ಎದ್ದು ಕಂಡವು. ಕುದುರೆ ಹೀಗೆ ಮೇವು ಬಿಟ್ಟರೆ ಅಂಗುಳು ಊದಿದೆಯೆಂದು ಅದನ್ನು ಕಾದ ಕಬ್ಬಿಣದಿಂದ ಸುಡುವುದು ಆಗಿನ ಗಾಡಿಯವರ ಪದ್ಧತಿ. ನಮ್ಮ ಗಾಡಿಯವನೂ ಸಲಾಕೆಯನ್ನು ಕೆಂಡದಲ್ಲಿಟ್ಟಿದ್ದ. ನನಗೆ ತಡೆಯಲಾಗದೆ ಡಾಕ್ಟರನ್ನು ಕರೆದುಕೊಂಡು ಹೋದೆ.

"ಸುಟ್ಟರೆ ಏನೂ ಪ್ರಯೋಜನ ಇಲ್ಲ ಅಂತ ಈಚಿನ ಪುಸ್ತಕದಲ್ಲಿ ಬರೀತಿದ್ದಾರೆ ಕಣಪ್ಪ," ಎಂದರು.

"ಬರೆದೋರು ಯಾವತ್ತಾರ ಜಟಕಾ ಹೊಡೆದವ್ರಾ ಬುದ್ಧೀ?" ಎಂದ ಗಾಡಿಯವನು.

ಡಾಕ್ಟರು ನಕ್ಕು, ಕುದುರೆಗೆ ಒಂದು ಹಿಡಿ ಹುಲ್ಲು ಕೊಟ್ಟು ನೋಡುತ್ತ ನಿಂತರು. ಅದು ತಲೆ ಓರೆ ಮಾಡಿ ಒಂದೇ ಕಡೆ ಅಗಿದು, ಅರ್ಧ ಅರೆದ ಹುಲ್ಲನ್ನು ಉಂಡೆಯಾಗಿ ಕೆಳಗೆ ಬೀಳಿಸಿತು. ಆಗ ಅವರು ನಾಲಿಗೆಯನ್ನು ಪಕ್ಕಕ್ಕೆ ಹಿಡಿದು ಬಾಯೊಳಗೆ ಕೈ ಹಾಕಿದರು. ದವಡೆಹಲ್ಲಿನ ಅಂಚು ಚೂರಿಯಂತೆ ಬೆಳೆದು ಕೆನ್ನೆಯನ್ನು ಒಳಗಿನಿಂದ ಕೊಯ್ದಿತ್ತು. ಉದ್ದನೆಯ ಅರದಿಂದ ಉಜ್ಜಿ ಅದನ್ನು ನಯ ಮಾಡಿದರು. ಮೂರನೆಯ ದಿನ ಕುದುರೆ ನೆನೆಸಿದ ಹುರುಳಿಯನ್ನೆಲ್ಲ ತಿಂದು ಚೀಲವನ್ನೂ ನೆಕ್ಕಿತು.

ಮರುವಾರ ಬೆಳಿಗ್ಗೆ ನೋಡಿದರೆ ಡಾಕ್ಟರ ಮನೆ ಮುಂದೆ ಏಳೆಂಟು ಜಟಕಾ. ಡಾಕ್ಟರು ಒಳಗಿನ್ನೂ ಕಾಫಿ ಕುಡಿಯುತ್ತಿದ್ದರು. ನಮ್ಮ ಗಾಡಿಯವನು ಒಂದೊಂದೇ ಕುದುರೆಗೆ ಹುಲ್ಲು ಕೊಟ್ಟು, ಅಗಿಯುವುದನ್ನು ನೋಡಿ, ಜನರನ್ನು ವಿಂಗಡಿಸುತ್ತಿದ್ದ:

"ಇದ್ಕೆ ಹಲ್ಲೇ ಕಣೋ, ನೀ ನಿಂತ್ಕೊ. ನಿಂದು ನೆಟ್ಟಗೆ ತಿಂತದೆ, ಮನೆಗೆ ನಡಿ."